ಬಣ್ಣ ಹೊಡೆಯದ ದೋಣಿ ಮಾರಾಟಕ್ಕಿದೆ

ನಮ್ಮ ಗ್ಯಾರೇಜಿನಲ್ಲಿರುವ ಮಿರರ್ ದೋಣಿಯನ್ನು ಮಾರುತ್ತಿದ್ದೇನೆ. ಹಾಯಿದೋಣಿ, ಉದ್ದ 3.3 ಮೀಟರ್, ಇಬ್ಬರು ಆರಾಮಾಗಿ ಕೂರಬಹುದು. ಮರದ ಕೆಲಸ ಪೂರ್ತಿ ಮುಗಿದಿದೆ. ಬಣ್ಣ, ವಾರ್ನಿಶ್, ಒಂದಷ್ಟು ಹಗ್ಗ ಬಾಕಿ. ಟ್ರೇಲರ್ ಸಮೇತ 300 ಪೌಂಡ್. ಪೋರ್ಟ್ಸ್‌ಮತ್‌ಗೆ ಬಂದು ನೋಡಿ ತಗೊಂಡು ಹೋಗಬೇಕು.

ಇಷ್ಟನ್ನು ಇಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ಗಿಲ್ಡ್‌ಫರ್ಡ್‌ನಿಂದ ಮೈಸೂರಿನವರೊಬ್ಬರು ಫೋನ್ ಮಾಡಿದರು. "ಸರ್, ಇಷ್ಟೆಲ್ಲ ಮಾಡಿದ್ದೀರಿ. ಬಣ್ಣ ಒಂದು ಹೊಡೆದುಬಿಟ್ಟಿದ್ರೆ ಇನ್ನೂ ಜಾಸ್ತಿ ದುಡ್ಡು ಬರ್ತಿತ್ತಲ್ವಾ?" ಅಂತ ಕೇಳಿದರು. ಬರ್ತಿತ್ತು. ಆದರೆ ಬೇಕಂತಲೇ ಹೊಡೆದಿಲ್ಲ. ಯಾಕೆ ಅನ್ನೋದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೋಣಿಯ ಬಗ್ಗೆ. ಮಿರರ್ ಅನ್ನೋದು ಇಂಗ್ಲೆಂಡಿನ ಮನೆಮನೆಯ ದೋಣಿ. ಜ್ಯಾಕ್ ಹೋಲ್ಟ್ ಅನ್ನುವ ದೋಣಿ ವಿನ್ಯಾಸಕಾರರೂ, ಟಿವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಅವರೂ ಸೇರಿ 1962ರ ಸುಮಾರಿಗೆ ರೂಪಿಸಿದ್ದು. ಬೆನ್ನಿಗೆ ನಿಂತಿದ್ದು ಡೈಲಿ ಮಿರರ್ ಪತ್ರಿಕೆ, ಹೆಸರು ಬಂದದ್ದೂ ಅಲ್ಲಿಂದಲೇ. ಹಾಯಿಪಟದ ಕೆಂಪು ಬಣ್ಣವೂ ಆ ಪತ್ರಿಕೆಯದ್ದೇ. ಕತ್ತರಿಸಿದ ಪ್ಲೈವುಡ್, ತಂತಿ, ಅಂಟು ಎಲ್ಲ ಒಂದು ಕಿಟ್ ಆಗಿ ಮನೆಗೆ ಬರುತ್ತಿತ್ತು. ಆಗ ಅದರ ಬೆಲೆ 63 ಪೌಂಡ್ 11 ಶಿಲಿಂಗ್. ಬಡಗಿ ಕೆಲಸ ಗೊತ್ತಿಲ್ಲದವರೂ ಅದನ್ನು ಜೋಡಿಸಿ ನೀರಿಗೆ ಇಳಿಸಿದರು. ಇವತ್ತಿಗೆ 70,000ಕ್ಕೂ ಹೆಚ್ಚು ಮಿರರ್‌ಗಳು ತಯಾರಾಗಿವೆ.

ನನಗೆ ಇದು ಇಷ್ಟವಾದದ್ದು ಅದರ ಹೊಲಿಗೆಗೆ. ಹಲಗೆಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿ ಹಾಕಿ, ಬಿಗಿಯಾಗಿ ತಿರುಚಿ ಜೋಡಿಸುತ್ತಾರೆ. ಆಮೇಲೆ ಒಳಗೂ ಹೊರಗೂ ಸಂದಿಯ ಮೇಲೆ ಫೈಬರ್ ಗ್ಲಾಸ್ ಪಟ್ಟಿ ಇಟ್ಟು ರೆಸಿನ್ ಬಳಿಯುತ್ತಾರೆ. ನಾನು ಗಂಗೊಳ್ಳಿಯವನು. ನಮ್ಮ ಕರಾವಳಿಯಲ್ಲೂ ಹಿಂದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದೇ ದೋಣಿ ಮಾಡುತ್ತಿದ್ದರು, ಮರಕ್ಕೆ ಗೇರು ಎಣ್ಣೆ ಬಳಿಯುತ್ತಿದ್ದರು. ಇಲ್ಲಿ ಒಬ್ಬರ ಶೆಡ್ಡಿನಲ್ಲಿ ಮೊದಲ ಸಲ ಮಿರರ್ ಒಳಗೆ ಇಣುಕಿ, ಆ ತಂತಿಯ ತುದಿಗಳ ಸಾಲು ನೋಡಿದಾಗಲೇ ಇದು ನಮಗೆ ಬೇಕು ಅನ್ನಿಸಿತ್ತು.

ಇನ್ನೊಂದು ಅನುಕೂಲ ಪಟ ಕಟ್ಟುವ ಕೂವೆಮರದ್ದು. ಅದು ಗಿಡ್ಡ. ಪಟದ ಮೇಲ್ಭಾಗವನ್ನು ಹಿಡಿಯಲು ಇನ್ನೊಂದು ಗಳ ಇದೆ, ಹಗ್ಗ ಎಳೆದರೆ ಅದು ಕೂವೆಗೆ ಅಂಟಿಕೊಂಡು ಮೇಲಕ್ಕೇರುತ್ತದೆ. ಕಳಚಿದರೆ ಎಲ್ಲವೂ ದೋಣಿಯ ಒಳಗೇ ಹಿಡಿಸುತ್ತವೆ. ಸಾಧಾರಣ ಮನೆಯ ಗ್ಯಾರೇಜ್ ಸಾಕು.

ಮತ್ತೆ ಯಾಕೆ ಮಾರುವುದು ಅಂದರೆ, ಮಗಳು ಬೆಳೆದಳು. ಮಿರರ್ ಇರುವುದೇ ಒಬ್ಬ ದೊಡ್ಡವರು, ಒಂದು ಮಗು ಕೂರುವ ಲೆಕ್ಕದಲ್ಲಿ. ಅವಳೀಗ ನನ್ನ ಭುಜ ದಾಟಿದ್ದಾಳೆ. "ಅಪ್ಪ, ನಾನು ಒಬ್ಬಳೇ ಓಡಿಸ್ತೀನಿ" ಅಂತ ಹಟ ಹಿಡಿದಿದ್ದಾಳೆ. ಕ್ಲಬ್ಬಿನಲ್ಲಿ ಅವಳ ಜೊತೆಯವರೆಲ್ಲ ಒಬ್ಬರೇ ಓಡಿಸುವ ಐಎಲ್‌ಸಿಎ ದೋಣಿಗೆ ಹೋಗಿದ್ದಾರೆ. ಗ್ಯಾರೇಜಿನಲ್ಲಿ ಎರಡು ದೋಣಿಗೆ ಜಾಗ ಇಲ್ಲ. ನನಗೆ ಬೇಜಾರಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವಳು ಕೇಳುತ್ತಿರುವುದು ಸರಿಯಾದದ್ದನ್ನೇ.

ಈಗ ಬಣ್ಣದ ವಿಷಯ. ನಮ್ಮೂರಲ್ಲಿ ಎತ್ತು ಕೊಳ್ಳುವವರು ಕೊಂಬಿನ ಬಣ್ಣ ನೋಡುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಳೆಯ ಮರದ ದೋಣಿಗೆ ಹೊಸ ಬಣ್ಣ ಬಿದ್ದ ಕೂಡಲೇ ಆ ಹಲ್ಲು ಮುಚ್ಚಿಹೋಗುತ್ತದೆ. ಈ ದೋಣಿಯನ್ನು ನಾನು ಕೊಂಡಾಗ ಹೊರಗಡೆ ಬಿಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಹಿಂಬದಿ ಹಲಗೆಯ ಕೆಳಗಿನ ಎರಡು ಮೂಲೆಯಲ್ಲಿ ಮಾತ್ರ ಬೊದ್ ಬೊದ್ ಅಂದಿತು. ಬಣ್ಣದ ಕೆಳಗೆ ಕೊಳೆತಿತ್ತು. ಮಾರುತ್ತಿದ್ದ ಅಜ್ಜನಿಗೆ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ ಪಾಪ, ಬಣ್ಣ ಅವರಿಗಿಂತ ಹಿಂದಿನವರದ್ದು. ಬೆಲೆ ಇಳಿಸಿ ಕೊಟ್ಟರು.

ಆ ಮೂಲೆಗಳನ್ನು ನಾನು ರಿಪೇರಿ ಮಾಡಿದ ರೀತಿ ನಿಮ್ಮ ಕಣ್ಣಿಗೆ ಕಾಣಬೇಕು. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿದೆ. ಹಳೆ ಹಲಗೆಯ ಅಂಚನ್ನೂ ಹೊಸ ತುಂಡಿನ ಅಂಚನ್ನೂ ಕೀಸುಳಿ ಹಾಕಿ ಇಳಿಜಾರು ಮಾಡಿದೆ. ಹಲಗೆಯ ದಪ್ಪದ ಎಂಟು ಪಟ್ಟು ಉದ್ದದ ಇಳಿಜಾರು ಬೇಕು, ಕಡಿಮೆಯಾದರೆ ಜೋಡಣೆಗೆ ಬಲ ಇರುವುದಿಲ್ಲ. ಕೀಸುವಾಗ ಪ್ಲೈವುಡ್ಡಿನ ಪದರಗಳು ಒಂದರ ಪಕ್ಕ ಒಂದು ಗೆರೆಗಳಾಗಿ ಏಳುತ್ತವೆ. ಆ ಗೆರೆಗಳು ನೇರವಾಗಿದ್ದರೆ ಇಳಿಜಾರು ಸರಿಯಾಗಿದೆ ಅಂತ ಅರ್ಥ, ಅಳತೆಪಟ್ಟಿಯೇ ಬೇಡ. ಎರಡಕ್ಕೂ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಬಳಿದು ಕ್ಲ್ಯಾಂಪ್ ಹಾಕಿದೆ. ಹಲಗೆ ಬಿಎಸ್ 1088 ದರ್ಜೆಯ ಮರೈನ್ ಪ್ಲೈ, ಅಂದರೆ ದೋಣಿಗೆಂದೇ ಮಾಡಿದ ಪ್ಲೈವುಡ್. ಈಗ ಆ ಜಾಗದಲ್ಲಿ ಹಳೆ ಮರ ಕಂದು, ಹೊಸದು ತಿಳಿ ಬಣ್ಣ, ನಡುವೆ ಒಂದು ತೆಳು ಗೆರೆ. ಉಗುರಿನಿಂದ ಕೆರೆದು ನೋಡಿ. ಬಣ್ಣ ಹೊಡೆದಿದ್ದರೆ ನೀವು ನನ್ನ ಮಾತನ್ನಷ್ಟೇ ನಂಬಬೇಕಿತ್ತು.

ತಳಕ್ಕೆ ಪೂರ್ತಿ ಎಪಾಕ್ಸಿ ಬಿದ್ದಿದೆ. ಅದು ಪಾರದರ್ಶಕ, ಒಳಗಿನ ಮರ ಕಾಣುತ್ತದೆ. ಆದರೆ ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ. ಮೇಲೆ ಬಣ್ಣವೋ ವಾರ್ನಿಶ್ಶೋ ಇಲ್ಲದೆ ಹೊರಗಿಟ್ಟರೆ ನಿಧಾನವಾಗಿ ಹಾಳಾಗುತ್ತದೆ. ಹಾಗಾಗಿ ಕೊಂಡವರು ಇದನ್ನು ವರ್ಷಗಟ್ಟಲೆ ಅಂಗಳದಲ್ಲಿ ಹಾಗೇ ಬಿಡಬಾರದು. ಬಣ್ಣಕ್ಕೆ ಮೊದಲು ಬರೀ ನೀರು, ಒರಟು ಬಟ್ಟೆ ಹಿಡಿದು ಚೆನ್ನಾಗಿ ತೊಳೆಯಿರಿ. ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಬರುತ್ತದೆ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ತೊಳೆದ ಮೇಲೇ ಉಪ್ಪು ಕಾಗದ. ಮೊದಲೇ ಉಜ್ಜಿದರೆ ಜಿಡ್ಡು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಇನ್ನೊಂದು, ಅಗ್ಗಕ್ಕೆ ಸಿಗುತ್ತದೆ ಅಂತ ಇದರ ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಿಯಬೇಡಿ, ಅದು ಎಪಾಕ್ಸಿ ಮೇಲೆ ಸರಿಯಾಗಿ ಕೂರುವುದಿಲ್ಲ.

ಡೆಕ್ಕಿಗೆ ವಾರ್ನಿಶ್ ಆಗಬೇಕು. ಮೊದಲ ಕೋಟು ತೆಳ್ಳಗೆ, ಆಮೇಲೆ ನಾಲ್ಕೋ ಐದೋ. ಪ್ರತಿ ಕೋಟಿನ ನಡುವೆ ಹಗುರವಾಗಿ ಉಜ್ಜಬೇಕು. ಸಂಜೆ ತೇವ ಇಳಿಯುವ ಹೊತ್ತಿಗೆ ಹಚ್ಚಿದರೆ ಮಂಕಾಗುತ್ತದೆ, ಬೆಳಗ್ಗೆಯೇ ಮುಗಿಸಿ. ಪಟ ಎಳೆಯುವ ಹಗ್ಗಗಳು ಸವೆದಿವೆ, ಹೊಸದು ಹಾಕಿ. ಎಲ್ಲ ಸೇರಿ 150ರಿಂದ 200 ಪೌಂಡ್ ಸಾಮಾನು ಅಂತ ನನ್ನ ಅಂದಾಜು. ಬೆಲೆ ಹೇಳುವಾಗ ಅದನ್ನು ಕಳೆದೇ ಹೇಳಿದ್ದೇನೆ.

ನೋಡಲು ಬಂದಾಗ ಗಾಳಿ ಪೆಟ್ಟಿಗೆಗಳ ಮುಚ್ಚಳ ತೆಗೆದಿಟ್ಟಿರುತ್ತೇನೆ. ದೋಣಿ ಮಗುಚಿದರೂ ಮುಳುಗದಂತೆ ಹಿಡಿಯುವುದು ಈ ಪೆಟ್ಟಿಗೆಗಳೇ. ಟಾರ್ಚ್ ತನ್ನಿ, ಕೈ ಹಾಕಿ ನೋಡಿ, ಮೂಸಿಯೂ ನೋಡಿ. ಒಳಗೆ ಕೊಳೆತಿದ್ದರೆ ಮೂಗಿಗೆ ಮೊದಲು ಗೊತ್ತಾಗುತ್ತದೆ. ಸೋರುವಿಕೆ ಪರೀಕ್ಷೆ ಮಾಡಬೇಕೆಂದರೆ ಸೋಪಿನ ನೀರು, ಬ್ರಷ್ ನಮ್ಮಲ್ಲಿದೆ. ಸಂದಿಗಳ ಮೇಲೆ ಬಳಿದು, ಪೈಪಿನಿಂದ ಬಾಯಲ್ಲಿ ಮೆಲ್ಲಗೆ ಊದಿದರೆ ಸಾಕು, ಗುಳ್ಳೆ ಬಂದ ಕಡೆ ತೂತು. ಕಂಪ್ರೆಸರ್ ಹಾಕಲು ಮಾತ್ರ ಬಿಡುವುದಿಲ್ಲ, ಪೆಟ್ಟಿಗೆ ಒಡೆಯುತ್ತದೆ. ದೋಣಿಯ ನಡುವೆ ನೀರಿಗೆ ಇಳಿಸುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡಿನ ಗೂಡು ತಳಕ್ಕೆ ಸೇರುವ ಜಾಗವನ್ನೂ ತಪ್ಪದೆ ನೋಡಿ. ಹಳೆ ಮಿರರ್‌ಗಳಲ್ಲಿ ನೀರು ಜಿನುಗುವ ಜಾಗ ಅದು. ಇದರಲ್ಲಿ ಹಳೆ ಪಟ್ಟಿ ಕಿತ್ತು ಹೊಸದು ಹಾಕಿದ್ದೇನೆ.

ಪಟ ಎರಡೂ ಕೆಂಪು, ಹಳೆಯವು. ಹೊಲಿಗೆ ಗಟ್ಟಿ ಇದೆ, ಬಟ್ಟೆ ಸ್ವಲ್ಪ ಜೋಲಿದೆ. ರೇಸಿಗೆ ಆಗುವುದಿಲ್ಲ. ಲ್ಯಾಂಗ್‌ಸ್ಟನ್ ಹಾರ್ಬರಿನಲ್ಲಿ, ಚಿಚೆಸ್ಟರ್ ಹಾರ್ಬರಿನಲ್ಲಿ ಮಗುವಿನ ಜೊತೆ ಸುಮ್ನೆ ಸುತ್ತಲು ಧಾರಾಳವಾಯಿತು. ಎರಡೂ ಕಡೆ ಇಳಿತದಲ್ಲಿ ಬರೀ ಕೆಸರು, ಭರತದ ಹೊತ್ತು ನೋಡಿಕೊಂಡು ಹೊರಡಿ. ನೀರು ಕಮ್ಮಿಯಾದರೆ ಬೋರ್ಡು ಎತ್ತಿಕೊಂಡು ಬರಬಹುದು.

ಇಂಥ ಸಣ್ಣ ದೋಣಿಗೆ ಇಲ್ಲಿ ಕಾರಿಗಿರುವಂತೆ ಆರ್‌ಸಿ ಪುಸ್ತಕ ಇಲ್ಲ. ಅಜ್ಜ ನನಗೆ ಬರೆದುಕೊಟ್ಟ ಮಾರಾಟದ ಚೀಟಿ ಇದೆ, ನಾನೂ ನಿಮಗೆ ಒಂದು ಬರೆದು ಸಹಿ ಹಾಕಿ ಕೊಡುತ್ತೇನೆ. ಪಟದ ನಂಬರ್ ಎರಡರಲ್ಲೂ ಇರುತ್ತದೆ. ಮುಂಗಡ ಬೇಡ. ನೋಡಿ ಇಷ್ಟವಾದರೆ ಅಲ್ಲೇ ಬ್ಯಾಂಕಿಗೆ ಹಾಕಿ. ಚೌಕಾಸಿ ಮಾಡುವವರು ಮಾಡಿ, ಆದರೆ ದೋಣಿ ತಟ್ಟಿ ನೋಡಿದ ಮೇಲೆ. ಮಕ್ಕಳಿರುವ ಮನೆಯವರು, ಈ ಬೇಸಿಗೆಯಲ್ಲೇ ಕೆಲಸ ಮುಗಿಸುತ್ತೇವೆ ಅನ್ನುವವರು ಬಂದರೆ ಉಳಿದಿರುವ ಎಪಾಕ್ಸಿ, ಬ್ರಷ್, ಉಪ್ಪು ಕಾಗದ ಎಲ್ಲ ಸುಮ್ಮನೆ ಕೊಡುತ್ತೇನೆ. ವಾರ್ನಿಶ್ ಹಚ್ಚುವ ಮೊದಲ ದಿನ ಕರೆದರೆ ಬರುತ್ತೇನೆ ಕೂಡ.

ಶನಿವಾರ, ಭಾನುವಾರ ಬೆಳಗ್ಗೆ ಮನೆಯಲ್ಲಿರುತ್ತೇನೆ. ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಟೋಬಾರ್ ಇದ್ದರೆ ಟ್ರೇಲರ್ ಎಳೆದುಕೊಂಡು ಹೋಗಬಹುದು. ಟ್ರೇಲರ್ ಹಿಂದೆ ಕಟ್ಟುವ ಲೈಟ್ ಬೋರ್ಡ್ ನನ್ನದು ಕೊಡುತ್ತೇನೆ, ಅದಕ್ಕೆ ನಿಮ್ಮ ಕಾರಿನ ನಂಬರ್ ಪ್ಲೇಟ್ ಒಂದು ಮಾಡಿಸಿ ತನ್ನಿ. ಟೋಬಾರ್ ಇಲ್ಲದಿದ್ದರೆ ಗಟ್ಟಿ ರೂಫ್ ರ್‍ಯಾಕ್ ಇರಲಿ. ಬರೀ ದೋಣಿ ಸುಮಾರು 45 ಕಿಲೋ, ಆ ಕಡೆ ನಾನು ಹಿಡಿಯುತ್ತೇನೆ, ಈ ಕಡೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.