ಮೊಬೈಲಿಗೆ ಆಂಟಿವೈರಸ್ ಹಾಕ್ಬೇಕಾ ಅಂತ ಕೇಳುವವರಿಗೆ

"ಅಣ್ಣಾ, ಇದಕ್ಕೊಂದು ಆಂಟಿವೈರಸ್ ಹಾಕಿ ಕೊಡಿ." ಕಾಸರಗೋಡಿನ ಕುಂಬಳೆಯಲ್ಲಿ ಮೊಬೈಲ್ ರಿಪೇರಿ ಮಾಡುವ ನನ್ನ ಹತ್ರ ಡಿಸ್‌ಪ್ಲೇ ಒಡೆದವರು ಬಿಟ್ರೆ ಜಾಸ್ತಿ ಬರುದು ಇವರೇ. ನನ್ನ ಉತ್ತರ ಒಂದೇ, ಬೇಡ. ಐಫೋನಿಗೆ ಬೇಡವೇ ಬೇಡ, ಆಂಡ್ರಾಯ್ಡಿಗೂ ಹೆಚ್ಚಿನವರಿಗೆ ಬೇಡ. ದುಡ್ಡು ಕೊಡ್ತೇನೆ ಅಂದವರಿಗೂ ಬೇಡ ಅಂತ ಹೇಳಿದ್ರೆ ಇವನಿಗೆ ವ್ಯಾಪಾರ ಗೊತ್ತಿಲ್ಲ ಅಂತ ನೋಡ್ತಾರೆ, ಇರ್ಲಿ.

ಈ ಪ್ರಶ್ನೆ ಬರುದು ಕಂಪ್ಯೂಟರಿನ ಅಭ್ಯಾಸದಿಂದ. ಆಗ ಯಾರದ್ದೋ ಪೆನ್‌ಡ್ರೈವ್ ಹಾಕಿದ್ರೆ ಸಾಕಿತ್ತು, ಒಂದು ಪ್ರೋಗ್ರಾಮ್ ಒಳಗೆ ಹೋಗಿ ಸಿಕ್ಕಿದ ಫೈಲನ್ನೆಲ್ಲ ಹಾಳು ಮಾಡ್ತಿತ್ತು. ಫೋನಲ್ಲಿ ಹಾಗಲ್ಲ. ಆಂಡ್ರಾಯ್ಡ್ ಪ್ರತಿ ಆ್ಯಪನ್ನೂ ಬೇರೆ ಬೇರೆ ಯೂಸರ್ ಅಂತ ಲೆಕ್ಕ ಹಾಕ್ತದೆ, ಒಂದರ ಡೇಟಾ ಇನ್ನೊಂದು ಮುಟ್ಲಿಕ್ಕೆ ಬಿಡುದಿಲ್ಲ. ಮಜಾ ಎಂತ ಅಂದ್ರೆ ಆಂಟಿವೈರಸ್ ಅನ್ನುದೂ ಒಂದು ಆ್ಯಪೇ ಅಲ್ವಾ, ಅದಕ್ಕೂ ಅದೇ ರೂಲು. ನಿಮ್ಮ ಬ್ಯಾಂಕ್ ಆ್ಯಪಿನ ಒಳಗೆ ಎಂತ ನಡೀತದೆ ಅಂತ ಅದಕ್ಕೆ ಕಾಣುದಿಲ್ಲ, ಯಾವ ಯಾವ ಆ್ಯಪ್ ಹಾಕಿದ್ದೀರಿ, ಡೌನ್‌ಲೋಡ್ ಫೋಲ್ಡರಲ್ಲಿ ಎಂತ ಉಂಟು ಅಂತ ನೋಡ್ಬಹುದು, ಅಷ್ಟೆ. ಐಫೋನಲ್ಲಿ ಆ್ಯಪಲ್ ಅದಕ್ಕೂ ಬಿಡುದಿಲ್ಲ, ಅಲ್ಲಿ ಸೆಕ್ಯೂರಿಟಿ ಅಂತ ಮಾರುದು ಹೆಚ್ಚಾಗಿ ವಿಪಿಎನ್ (ನಿಮ್ಮ ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಕಳಿಸುವ ಆ್ಯಪ್), ಫೋಟೋ ಅಡಗಿಸುವ ಲಾಕರ್, ಅಂಥದ್ದು.

ಆ ಆ್ಯಪ್ ಪಟ್ಟಿ ನೋಡುವ ಕೆಲಸ ಗೂಗಲಿನದ್ದೇ ಪ್ಲೇ ಪ್ರೊಟೆಕ್ಟ್ ಮಾಡ್ತದೆ. 2017ರಿಂದ ಫೋನಲ್ಲೇ ಉಂಟು, ಫ್ರೀ, ಹೊರಗಿಂದ ಹಾಕಿದ ಆ್ಯಪನ್ನೂ ನೋಡ್ತದೆ. ಪ್ಲೇ ಸ್ಟೋರ್ ಓಪನ್ ಮಾಡಿ ಮೇಲಿರುವ ನಿಮ್ಮ ಫೋಟೋ ಒತ್ತಿದ್ರೆ ಸಿಗ್ತದೆ, ಆಫ್ ಆಗಿದ್ರೆ ಮಾತ್ರ ಯಾರು ಆಫ್ ಮಾಡಿದ್ದು ಅಂತ ಮನೆಯಲ್ಲಿ ವಿಚಾರಿಸಿ.

ಇನ್ನು ಆಂಟಿವೈರಸ್ ಹೆಸರಲ್ಲಿ ಆದ ಕತೆಗಳು. 2014ರಲ್ಲಿ ವೈರಸ್ ಶೀಲ್ಡ್ ಅಂತ ಒಂದು ಆ್ಯಪ್, ಸುಮಾರು ನಾಲ್ಕು ಡಾಲರ್, ಪ್ಲೇ ಸ್ಟೋರಿನ ದುಡ್ಡಿನ ಆ್ಯಪುಗಳಲ್ಲಿ ಮೇಲೆ ಹೋಗಿ ಕೂತಿತ್ತು. ಅದು ಮಾಡ್ತಿದ್ದ ಕೆಲಸ ಒಂದೇ, ಒತ್ತಿದ್ರೆ ಇಂಟು ಮಾರ್ಕ್ ಹೋಗಿ ರೈಟ್ ಮಾರ್ಕ್ ಬರುದು! ಗೂಗಲ್ ಕೊನೆಗೆ ದುಡ್ಡು ವಾಪಸ್ ಕೊಟ್ಟಿತು. 2019ರಲ್ಲಿ ಆಸ್ಟ್ರಿಯಾದ ಎವಿ-ಕಂಪೇರಟಿವ್ಸ್ ಲ್ಯಾಬಿನವರು 250 ಆಂಡ್ರಾಯ್ಡ್ ಆಂಟಿವೈರಸ್ ಪರೀಕ್ಷೆ ಮಾಡಿದ್ರು, 80 ಮಾತ್ರ ನೂರರಲ್ಲಿ 30ಕ್ಕಿಂತ ಜಾಸ್ತಿ ಕೆಟ್ಟ ಆ್ಯಪ್ ಹಿಡಿದದ್ದು. ಕೆಲವಂತೂ ತಮ್ಮನ್ನೇ ವೈರಸ್ ಅಂತ ತೋರಿಸಿದ್ವು, ಯಾಕಂದ್ರೆ ಒಳ್ಳೆ ಆ್ಯಪುಗಳ ಪಟ್ಟಿಗೆ ಸ್ವಂತ ಹೆಸರು ಸೇರಿಸ್ಲಿಕ್ಕೆ ಮರ್ತಿದ್ರು. 2022ರಲ್ಲಿ ಬ್ಯಾಂಕ್ ದುಡ್ಡು ಕದಿಯುವ ಶಾರ್ಕ್‌ಬಾಟ್ ಸಿಕ್ಕಿದ್ದೂ ಪ್ಲೇ ಸ್ಟೋರಿನ ಆಂಟಿವೈರಸ್ ಆ್ಯಪುಗಳ ಒಳಗೇ.

"ಆದ್ರೆ ನನ್ನ ಫೋನಲ್ಲಿ 13 ವೈರಸ್ ಉಂಟು ಅಂತ ಬರ್ತದಲ್ಲ" ಅಂತ ಕೇಳ್ತಾರೆ. ಅದು ವೈರಸ್ ಅಲ್ಲ ಮಾರಾಯ್ರೆ, ಯಾವುದೋ ಸೈಟಲ್ಲಿ ಅಲೋ ಅಂತ ಒತ್ತಿದ್ದೀರಿ, ಆ ಸೈಟ್ ಕ್ರೋಮ್ ಮೂಲಕ ನೋಟಿಫಿಕೇಶನ್ ಕಳಿಸ್ತದೆ. ಕ್ರೋಮಿನ ಸೆಟ್ಟಿಂಗ್ಸಲ್ಲಿ ನೋಟಿಫಿಕೇಶನಿಗೆ ಹೋಗಿ ಗೊತ್ತಿಲ್ಲದ ಸೈಟನ್ನೆಲ್ಲ ಬ್ಲಾಕ್ ಮಾಡಿದ್ರೆ ಮುಗೀತು.

ನಿಜವಾದ ಅಪಾಯ ನಮ್ಮ ಕಡೆ ಬರುದು ವಾಟ್ಸಾಪಲ್ಲಿ, ಎಪಿಕೆ ಫೈಲಾಗಿ, ಅಂದ್ರೆ ಪ್ಲೇ ಸ್ಟೋರ್ ಇಲ್ಲದೆ ನೇರ ಆ್ಯಪ್ ಹಾಕುವ ಫೈಲ್. ಕೇರಳದಲ್ಲಿ 2023ರ ಜೂನಿಂದ ಎಐ ಕ್ಯಾಮೆರಾ ಫೈನ್ ಹಾಕ್ತಾ ಉಂಟಲ್ಲ, ಹಾಗಾಗಿ ಗಾಡಿ ದಾಖಲೆ, ಫೈನ್ ನೋಡುವ ಸರಕಾರಿ ಸೈಟ್ ಪರಿವಾಹನ್ ಹೆಸರಲ್ಲಿ ಮೆಸೇಜ್ ಬಂದ್ರೆ ಯಾರೂ ನಂಬ್ತಾರೆ. ಅದು ಮಲಯಾಳದಲ್ಲೋ ಇಂಗ್ಲಿಷಲ್ಲೋ ಇರ್ತದೆ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಗಾಡಿ ನಂಬರ್ ಒಂದು ಓದ್ಲಿಕ್ಕೆ ಆಗ್ತದೆ, ಎಂತದಿದು ನೋಡುವ ಅಂತ ಒತ್ತುದು. ಬ್ರಹ್ಮಕಲಶಕ್ಕೂ ಮದುವೆಗೂ ಕಾಗದ ವಾಟ್ಸಾಪಲ್ಲೇ ಬರುದಲ್ವಾ, ಅದು ಫೋಟೋ ಅಥವಾ ಪಿಡಿಎಫ್ ಆಗಿರ್ತದೆ. ಆಮಂತ್ರಣ ಅಂತ ಹೇಳಿ ಎಪಿಕೆ ಬಂದ್ರೆ ಅದು ಆಮಂತ್ರಣ ಅಲ್ಲ. ಗಲ್ಫಿನವರ ಮನೆಯಲ್ಲಿ ಇನ್ನೊಂದು ದಾರಿ. ದುಬೈಯಿಂದ ವಾಟ್ಸಾಪ್ ಕಾಲ್ ಆಗುದಿಲ್ಲ ಅಂತ ಯಾರೋ ಹೇಳಿದ ಲಿಂಕಿಂದ ಕಾಲ್ ಆ್ಯಪೋ ವಿಪಿಎನ್ನೋ ಇಳಿಸ್ತಾರೆ. ಪ್ಲೇ ಸ್ಟೋರಲ್ಲಿ ಸಿಗುವುದನ್ನು ಮಾತ್ರ ಹಾಕಿ ಅಂತ ಮಗನಿಗೂ ಹೇಳಿ.

ಈ ಎಪಿಕೆ ಹಾಕಿದ ಮೇಲೆ ಅದು ಎರಡು ಪರ್ಮಿಶನ್ ಕೇಳ್ತದೆ, ಎಸ್ಸೆಮ್ಮೆಸ್ ಓದ್ಲಿಕ್ಕೆ ಒಂದು, ಆ್ಯಕ್ಸೆಸಿಬಿಲಿಟಿ ಇನ್ನೊಂದು. ಒಂದರಿಂದ ಓಟಿಪಿ ಅವರಿಗೆ ಹೋಗ್ತದೆ, ಇನ್ನೊಂದರಿಂದ ನಿಮ್ಮ ಸ್ಕ್ರೀನ್ ಓದ್ಲಿಕ್ಕೂ ನಿಮ್ಮ ಬದಲು ಒತ್ಲಿಕ್ಕೂ ಆಗ್ತದೆ. ಆಂಡ್ರಾಯ್ಡ್ 13ರಿಂದ ಹೊರಗಿನ ಆ್ಯಪಿಗೆ ಆ್ಯಕ್ಸೆಸಿಬಿಲಿಟಿ ಸುಲಭದಲ್ಲಿ ಸಿಗುದಿಲ್ಲ, ಆದ್ರೆ ಕಳ್ಳರು ಮೂರು ಚುಕ್ಕಿ ಒತ್ತಿ ಅಲೋ ಮಾಡಿ ಅಂತ ಅದನ್ನೂ ಹೇಳಿ ಕೊಡ್ತಾರೆ. ಒಳ್ಳೆ ಕಂಪೆನಿಯ ಆಂಟಿವೈರಸ್ ಇಂಥದ್ದರಲ್ಲಿ ಕೆಲವನ್ನು ಹಿಡೀತದೆ, ಇಲ್ಲ ಅನ್ನುದಿಲ್ಲ. ಬಂದದ್ದನ್ನೆಲ್ಲ ಒತ್ತುವ ಮಾವನೋ ಅಜ್ಜನೋ ಇದ್ರೆ ಹಾಕಿ ಕೊಡಿ, ಸರಕಾರದ ಸಿ-ಡ್ಯಾಕ್ ಮಾಡಿದ ಎಂ-ಕವಚ್ ಫ್ರೀ ಉಂಟು. ಆದ್ರೆ ನೀವೇ ಕೈಯಾರೆ ಪರ್ಮಿಶನ್ ಕೊಟ್ಟದ್ದನ್ನು ಅದು ನಿಲ್ಲಿಸ್ತದೆ ಅಂತ ನಂಬ್ಬೇಡಿ.

ಆಂಟಿವೈರಸಿಗಿಂತ ನಾನು ಮೊದಲು ನೋಡುದು ಸೆಟ್ಟಿಂಗ್ಸಲ್ಲಿ ಸೆಕ್ಯೂರಿಟಿ ಅಪ್‌ಡೇಟಿನ ತಾರೀಕು. ಅದು ಎರಡು ಮೂರು ವರ್ಷ ಹಿಂದಿನದ್ದಾದ್ರೆ ಆ ಫೋನಲ್ಲಿ ಗೂಗಲ್ ಪೇ ಬೇಡ, ಯಕ್ಷಗಾನ ನೋಡ್ಲಿಕ್ಕೆ ಇಟ್ಟುಕೊಳ್ಳಿ. ಸಿಸ್ಟಮಿನಲ್ಲೇ ಇರುವ ತೂತನ್ನು ಯಾವ ಆ್ಯಪಿಗೂ ಮುಚ್ಲಿಕ್ಕೆ ಆಗುದಿಲ್ಲ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಅಂಥದ್ದಕ್ಕೆ 7 ವರ್ಷ ಅಪ್‌ಡೇಟ್ ಅಂತ ಹೇಳಿದ್ದಾರೆ, ಕಡಿಮೆ ಬೆಲೆಯ ಫೋನಿಗೆ ಅಷ್ಟು ಸಿಗುದಿಲ್ಲ, ತೆಗೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಿ.

ಈಗಾಗಲೇ ಎಪಿಕೆ ಒತ್ತಿ ಇನ್‌ಸ್ಟಾಲ್ ಆಗಿದ್ರೆ ಆಂಟಿವೈರಸ್ ಹುಡುಕ್ತಾ ಕೂರ್ಬೇಡಿ. ನೆಟ್ ಆಫ್ ಮಾಡಿ, ಸಿಮ್ ತೆಗೀರಿ, ಬೇರೆ ಫೋನಿಂದ ಬ್ಯಾಂಕಿಗೆ ಕಾಲ್ ಮಾಡಿ ಅಕೌಂಟ್ ಬ್ಲಾಕ್ ಮಾಡಿಸಿ, ದುಡ್ಡು ಹೋಗಿದ್ರೆ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ, ನಾಳೆ ನೋಡುವ ಅಂದ್ರೆ ದುಡ್ಡು ಅಕೌಂಟಿಂದ ಅಕೌಂಟಿಗೆ ಹೋಗ್ತಾ ಇರ್ತದೆ. ಆಮೇಲೆ ಫೋಟೋ ಬೇರೆ ಕಡೆ ತೆಗೆದಿಟ್ಟು ಫ್ಯಾಕ್ಟರಿ ರಿಸೆಟ್. ನಿಮ್ಮ ನಂಬರಿಂದ ಆ ಎಪಿಕೆ ತಾನಾಗಿ ಯಾವ ಯಾವ ವಾಟ್ಸಾಪ್ ಗ್ರೂಪಿಗೆ ಹೋಗಿದೆ ಅಂತ ಯಾರತ್ರಾದ್ರೂ ಕೇಳಿ, ಹೋದಲ್ಲೆಲ್ಲ "ಒತ್ತಬೇಡಿ" ಅಂತ ವಾಯ್ಸ್ ಮೆಸೇಜ್ ಹಾಕಿ, ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು.