ಡಿಸೆಂಟ್: ಇಳಿಜಾರೂ ಹೌದು, ವಂಶವೂ ಹೌದು

ಕೊಡಗಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರಿಗೆ ‘ಡಿಸೆಂಟ್’ (descent) ಪದ ಚಾರಣದ ಫಲಕದಲ್ಲೂ ಸಿಗುತ್ತದೆ, ಮನೆತನದ ಕಾಗದಪತ್ರದಲ್ಲೂ ಸಿಗುತ್ತದೆ. ಎರಡಕ್ಕೂ ಒಂದೇ ಕನ್ನಡ ಪದ ಸಾಲದು.

ಮೊದಲು ನೆಲದ ಮಾತು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದಿಂದ ಕೆಳಗೆ ಬರುವ ಕೆಲಸ ‘ಇಳಿಯುವುದು’, ಆ ನೆಲ ‘ಇಳಿಜಾರು’. ಸಂಪಾಜೆ ಘಾಟಿಯ ಫಲಕಕ್ಕೆ ‘ಕಡಿದಾದ ಇಳಿಜಾರು’ ಸಾಕು. ‘ಅವರೋಹಣ’ ಸಂಗೀತಗಾರರ ಸ್ವರಕ್ಕೆ ಇರಲಿ, ಲಾರಿ ಚಾಲಕರಿಗೆ ಬೇಡ.

ಕಷ್ಟ ಇರುವುದು ವಂಶದಲ್ಲಿ. ‘ಆಫ್ ಕೊಡವ ಡಿಸೆಂಟ್’ ಎಂದರೆ ‘ಕೊಡವ ಮೂಲದ’. ‘ಫ್ರಮ್’ ಬಂದರೆ ಮುಂದಿನ ಹೆಸರು ಬೆಟ್ಟದ್ದೋ ಮನೆತನದ್ದೋ ನೋಡಿ. ಊರಿನ ಹೆಸರಿದ್ದರೂ ಮೋಸ ಹೋಗಬಹುದು: ಕೊಡಗನ್ನು ಆಳಿದ ಹಾಲೇರಿ ಅರಸರ ಬಗ್ಗೆ ‘ಡಿಸೆಂಟ್ ಫ್ರಮ್ ಇಕ್ಕೇರಿ’ ಎಂದಿದ್ದರೆ ಅದು ಇಕ್ಕೇರಿ ಅರಸುಮನೆತನದ ನಂಟು, ಪ್ರಯಾಣವಲ್ಲ. ಆಸ್ತಿಪತ್ರದಲ್ಲಿ ‘ಟೈಟಲ್ ಬೈ ಡಿಸೆಂಟ್’ ಎಂದರೆ ವಾರಸುದಾರಿಕೆಯಿಂದ ಬಂದ ಹಕ್ಕು. ಸಂವಿಧಾನದ 16(2)ನೇ ವಿಧಿಯಲ್ಲಿ ರೇಸ್ ಮತ್ತು ಡಿಸೆಂಟ್ ಒಂದೇ ಸಾಲಿನಲ್ಲಿವೆ. ರೇಸ್‌ಗೂ ‘ವಂಶ’ ಎಂದು ಬರೆದರೆ ಡಿಸೆಂಟ್‌ಗೆ ಪದವೇ ಉಳಿಯದು. ಅಲ್ಲಿ ‘ಜನಾಂಗ’ ಬಳಸಿ.

ಒಕ್ಕದ, ಅಂದರೆ ಕೊಡವ ಮನೆತನದ, ವಿಷಯದಲ್ಲಂತೂ ಆತುರ ಬೇಡವೇ ಬೇಡ. ‘ಪೇಟ್ರಿಲೀನಿಯಲ್ ಡಿಸೆಂಟ್’ಗೆ ‘ತಂದೆಯ ಕಡೆಯಿಂದ ಬರುವ ವಂಶಕ್ರಮ’ ಸರಿ. ಆದರೆ ಅದನ್ನೇ ಹಿಡಿದು ಎಲ್ಲ ಮಕ್ಕಳನ್ನೂ ತಂದೆಯ ಒಕ್ಕಕ್ಕೆ ಸೇರಿಸಿದರೆ ತಪ್ಪಾಗುತ್ತದೆ. ಒಕ್ಕಪರಿಜೆ ಮದುವೆಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಬರುತ್ತಾನೆ, ಮಕ್ಕಳೂ ಅದೇ ಒಕ್ಕದವರು. ಮಕ್ಕಪರಿಜೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿಯುತ್ತಾನೆ, ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಮನೆಹೆಸರು ಬರೆಯುವ ಮೊದಲು ಮದುವೆ ಯಾವ ಬಗೆಯದೆಂದು ಕೇಳಿಕೊಳ್ಳಲೇಬೇಕು.

1834ರಲ್ಲಿ ಬ್ರಿಟಿಷ್ ಸೇನೆ ಕೊಡಗಿನ ಮೇಲೆ ‘ಡಿಸೆಂಡೆಡ್’ ಎಂದು ಓದಿದಾಗ ‘ಇಳಿಯಿತು’ ಎನ್ನಬೇಡಿ. ‘ಏರಿಬಂತು’, ‘ಮುಗಿಬಿತ್ತು’ ಅನ್ನಿ. ಧ್ವನಿಮುದ್ರಣ ಕೇಳಿ ಬರೆಯುವವರಿಗೆ ಇನ್ನೊಂದು ಅಪಾಯವಿದೆ: ಭಿನ್ನಮತ ಎಂಬರ್ಥದ ಪದವೂ (dissent) ಕಿವಿಗೆ ‘ಡಿಸೆಂಟ್’ ಎಂದೇ ಕೇಳಿಸುತ್ತದೆ. ತೀರ್ಪಿನ ಸಂದರ್ಭವಾದರೆ ಬಹುಪಾಲು ಅದೇ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಎಚ್ಚರ ಬೇಕು. ಗಂಗಾವತರಣಕ್ಕೆ ಡಿಸೆಂಟ್ ಸರಿಹೊಂದುತ್ತದೆ, ಗಂಗೆ ಮೇಲಿನಿಂದ ಇಳಿದವಳು. ತಲಕಾವೇರಿಯ ತೀರ್ಥೋದ್ಭವಕ್ಕೆ ಅದು ಹೊಂದದು. ಅಲ್ಲಿ ಕಾವೇರಿ ಕುಂಡಿಕೆ ಎಂಬ ಪುಟ್ಟ ಕೊಳದಲ್ಲಿ ಕೆಳಗಿನಿಂದ ಉಕ್ಕಿ ಬರುತ್ತಾಳೆ.