ವೆಖ್ಟ್ ದಂಡೆಯ ಬಂಗಲೆಗಳು: ನಕಲು ಕೆಲಸ ಎಲ್ಲಿಗೆ ಬಂತು

ಹಾಲೆಂಡಿನ ತೋಟದ ಬಂಗಲೆಗಳ ಹಳೇ ಚಿತ್ರಗಳನ್ನು ಇಂಕ್ ಪೆನ್ನಲ್ಲಿ ನಕಲು ಮಾಡುವ ಕೆಲಸ ಈ ಸಲ ಚೆನ್ನಾಗಿ ಸಾಗಿದೆ. ಡೇನಿಯಲ್ ಸ್ಟೋಪೆಂಡಾಲ್ ಕೆತ್ತಿದ, 1719ರಲ್ಲಿ ಹೊರಬಂದ ವೆಖ್ಟ್ ನದಿಯ ಸಂಪುಟದಿಂದ ಆರಿಸಿಕೊಂಡಿದ್ದ ಹಾಳೆಗಳು ಮುಗಿದವು. ಈಗ ಡಚ್ ಚಿತ್ರಕಾರ ರೆಂಬ್ರಾಂಟನ ಒಂದು ಎಚ್ಚಿಂಗ್ (ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಆಸಿಡ್ಡಿನಿಂದ ಕೊರೆಸಿ ಅಚ್ಚೊತ್ತಿದ ಚಿತ್ರ) ಹಿಡಿದು ಕೂತಿದ್ದೇನೆ.

ಸುಮ್ನೆ ನೋಡಿದಾಗ ಕಾಣದ್ದು ಗೆರೆ ಎಳೆಯುವಾಗ ಕಾಣುತ್ತದೆ. ವೆಖ್ಟ್ ಹಾಳೆಗಳಲ್ಲಿ ಎಷ್ಟೋ ಸಲ ನಾವು ನೋಡುವುದು ನೀರಿನ ಕಡೆಯಿಂದ. ಮುಂದೆ ನದಿ, ದೋಣಿ, ಆಮೇಲೆ ದೊಡ್ಡ ಗೇಟು, ಅದರ ಹಿಂದೆ ಮನೆ. ಆಗ ಅಲ್ಲಿನ ಜನ ಊರಿಂದೂರಿಗೆ ಹೋಗುತ್ತಿದ್ದದ್ದು ಜಾಸ್ತಿ ನೀರಿನ ಮೇಲೆ, ಕುದುರೆ ಎಳೆಯುವ ದೋಣಿಯಲ್ಲಿ. ಮನೆ ಕಟ್ಟಿಸಿದವರಿಗೆ ಆ ದೋಣಿಯವರ ಕಣ್ಣು ಬೇಕಿತ್ತು. ನೀರಿನ ಅಂಚಿಗೇ ಚಹಾ ಮಂಟಪ ಕಟ್ಟಿಸುತ್ತಿದ್ದರು. ಅಲ್ಲಿ ಕೂತರೆ ಹೋಗಿಬರುವವರನ್ನು ನೋಡಬಹುದು, ಅವರ ಕಣ್ಣಿಗೂ ಬೀಳಬಹುದು.

ಹೆಚ್ಚಿನವರು ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿಗಳು, ನಗರದ ಆಡಳಿತ ಕೈಯಲ್ಲಿದ್ದ ಮನೆತನದವರು. ಚಳಿಗಾಲಕ್ಕೆ ನಗರದ ಕಾಲುವೆ ದಂಡೆಯ ಮನೆ, ಬೇಸಿಗೆಗೆ ಇಲ್ಲಿ. ಮಾರ್ಸೆನ್ ಊರಿನ ಗೌಡೆಸ್ಟೈನ್ ನೋಡಿ. 1608ರಲ್ಲಿ ಹೈಡೆಕೋಪರ್ ಮನೆತನ ಕೊಂಡದ್ದು ರೈತನೊಬ್ಬನ ಮನೆ, ಹೊಲ. ಆ ಮನೆತನದ ಯೋಹಾನ್ ಅಲ್ಲಿ ಬಂಗಲೆ ಎಬ್ಬಿಸಿದ, ಸುತ್ತಲಿನ ಜಮೀನನ್ನು ತನ್ನಂಥ ಸಾಹುಕಾರರಿಗೆ ತುಂಡು ಮಾಡಿ ಮಾರಿದ, ಆಮ್‌ಸ್ಟರ್‌ಡ್ಯಾಮಿಗೆ ಮೇಯರೂ ಆದ. ವ್ಯಾಪಾರದಲ್ಲಿ ಬೆಳೆದ ಇಂಥವರಿಗೆ ಅಜ್ಜ ಮುತ್ತಜ್ಜರ ಕೋಟೆ ಎಲ್ಲಿತ್ತು? ಅಚ್ಚಾದ ಹಾಳೆ, ಅದರ ಕೆಳಗೆ ಮನೆಯ ಹೆಸರು, ಇವೇ ಆ ಜಾಗ ತುಂಬಿದವು ಅಂತ ನನಗನ್ನಿಸುತ್ತದೆ. ಡಚ್ ಜೊತೆಗೆ ಫ್ರೆಂಚಿನಲ್ಲೂ ಬರೆಸಿದ್ದಾರೆ ಅಂದರೆ ದೂರದವರೂ ನೋಡಲಿ ಅನ್ನುವ ಆಸೆ ಇತ್ತು, ಅಲ್ವಾ?

ರೆಂಬ್ರಾಂಟನ 1651ರ ಎಚ್ಚಿಂಗ್ ಬೇರೆಯೇ ದಾರಿ ಹಿಡಿಯುತ್ತದೆ. ಹಾರ್ಲೆಮ್ ಹತ್ತಿರದ ಸಾಕ್ಸೆನ್‌ಬುರ್ಗ್ ಬಂಗಲೆ ಅದು. ಒಡೆಯ ಕ್ರಿಸ್ಟೊಫೆಲ್ ಥೈಸ್. 1639ರಲ್ಲಿ 13,000 ಗಿಲ್ಡರ್‌ಗೆ ರೆಂಬ್ರಾಂಟನಿಗೆ ಮನೆ ಮಾರಿದವರಲ್ಲಿ ಇವನೂ ಒಬ್ಬ. ಚಿತ್ರ ಬರೆದಾಗಲೂ ಆ ಮನೆಯ ಹಣದ ಬಾಕಿ ತೀರಿರಲಿಲ್ಲ. ಸಾಲ ಕೊಟ್ಟವನ ಬಂಗಲೆ ಇಲ್ಲಿ ಮರಗಳ ಗುಂಪಿನೊಳಗೆ ಚಿಕ್ಕದಾಗಿ ಕೂತಿದೆ. ನೋಟ ಮರಳುದಿಬ್ಬದ ಎತ್ತರದಿಂದ. ಹಾಳೆಯ ತುಂಬ ಬಯಲು, ನಾರುಬಟ್ಟೆ ಹಾಸಿ ಬಿಳುಪು ಮಾಡುವ ಹೊಲ, ದೂರದಲ್ಲಿ ಹಾರ್ಲೆಮಿನ ಸೇಂಟ್ ಬಾವೊ ಚರ್ಚು. ಒಡೆಯನ ಜೊತೆಗೆ ಊರಿನ ದುಡಿಮೆಯೂ ಚಿತ್ರದೊಳಗೆ ಬಂತು. ನನಗೆ ಇದೇ ಹೆಚ್ಚು ಇಷ್ಟ.

ಕಷ್ಟ ಇರುವುದು ಕಪ್ಪಿನಲ್ಲಿ. ತಗಡನ್ನು ನೇರವಾಗಿ ಗೀರುವ ಡ್ರೈಪಾಯಿಂಟ್ ಸೂಜಿ ಓಡಿದಾಗ ತಾಮ್ರದ ಅಂಚು ಸ್ವಲ್ಪ ಮೇಲೇಳುತ್ತದೆ. ಅದು ಶಾಯಿ ಹಿಡಿದು ಮೆತ್ತನೆಯ ಕಪ್ಪು ಕೊಡುತ್ತದೆ. ಪೆನ್ನಿಗೆ ಅದು ಬರುವುದಿಲ್ಲ. ನೀರು ಬೆರೆಸಿದ ಇಂಕನ್ನು ಸಣ್ಣ ಬ್ರಷ್ಷಿನಲ್ಲಿ ಗೆರೆಯ ಪಕ್ಕಕ್ಕೆ ತಾಗಿಸುತ್ತಿದ್ದೇನೆ. ಮರಗಳ ಕೆಳಗಿನ ನೆರಳು ಹತ್ತಿರ ಹತ್ತಿರ ಬಂದಿದೆ, ಮುಂಭಾಗದ ಹೊಲ ಇನ್ನೂ ಬಾಕಿ.

ಇದೇ ನೋಟದ ರೆಂಬ್ರಾಂಟನ ಒಂದು ರೇಖಾಚಿತ್ರ ರೋಟರ್‌ಡ್ಯಾಮಿನ ಬೋಯ್‌ಮನ್ಸ್ ಮ್ಯೂಸಿಯಮ್ಮಿನಲ್ಲಿದೆ. ಎಚ್ಚಿಂಗ್‌ನಲ್ಲಿ ಎಡಬಲ ಅದಲುಬದಲಾಗಿದೆ, ಹಾಗಾಗಿ ನನ್ನ ನಕಲನ್ನು ಸ್ಕ್ಯಾನ್ ಮಾಡಿ ತಿರುಗಿಸಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಬಂಗಲೆಗೆ ಎಷ್ಟು ಜಾಗ ಬಿಟ್ಟಿದ್ದಾನೆ ಅಂತ ಸ್ಕೇಲ್ ಹಿಡಿದು ಅಳೆಯುತ್ತೇನೆ.